ತಾಯಂದಿರ ಬಳಗಕ್ಕೆ ಬಂದ ಫೋಟೋ

ಹನ್ನೊಂದನೆಯ ಸಲ ಫೋನ್ ಬಡಿದುಕೊಂಡಿತು. ಮತ್ತೆ ಗುರುತಿಲ್ಲದ ನಂಬರು. ನೇಹಾ ಕಟ್ ಮಾಡಿ, ಫೋನನ್ನೇ ಬಂದ್ ಮಾಡಿ ಹೆಗಲ ಚೀಲದ ತಳಕ್ಕೆ ತುರುಕಿದಳು. ಬಿಸಿಲಲ್ಲಿ ನಡೆಯುತ್ತ ಬೈಸಿಕೊಳ್ಳುವ ತಾಕತ್ತು ಅವಳಿಗಿರಲಿಲ್ಲ.

ರನ್ನ ಬೆಳಗಲಿಯ ಸುತ್ತಿನ ಕೂಸುಗಳಿಗೆ ಲಸಿಕೆ ಹಾಕುವ ನರ್ಸು ಅವಳು. ಲಸಿಕೆಯ ದಿನ ನೆನಪಿಸಲೆಂದು ವಾಟ್ಸಾಪಿನಲ್ಲಿ ‘ತಾಯಂದಿರ ಬಳಗ’ ಕಟ್ಟಿದವಳೂ ಅವಳೇ. ಮೂರು ವಾರದ ಹಿಂದೆ ಅದೇ ಬಳಗಕ್ಕೆ ಒಂದು ವಿಡಿಯೋ ಬಂತು. ಸೂಜಿ ಚುಚ್ಚಿದ ಮೇಲೆ ಕಣ್ಣು ಮುಚ್ಚಿದ ಕೂಸು, ಎದೆ ಬಡಿದುಕೊಳ್ಳುವ ತಾಯಿ. ಎಲ್ಲಿಯದೋ, ಯಾವ ಕಾಲದ್ದೋ ದೇವರೇ ಬಲ್ಲ. ಅದು ಸುಳ್ಳೆಂದು ನೇಹಾ ಬರೆದದ್ದನ್ನು ಯಾರೂ ಓದಲಿಲ್ಲ. ವಿಡಿಯೋ ಮಾತ್ರ ಮನೆಮನೆ ತಿರುಗಿತು. ಆಚೆ ಊರೊಂದರಲ್ಲಿ ನರ್ಸೊಬ್ಬಳನ್ನು ಸಾಲೆಯ ಕೋಣೆಯಲ್ಲಿ ಕೂಡಿಹಾಕಿ ಹೊಡೆದರು. ಅಂದಿನಿಂದ ನೇಹಾಳಿಗೂ ಬೈಗುಳದ ಕರೆಗಳು. ಬಳಗವನ್ನು ತೆರೆದು ನೋಡುವುದನ್ನೇ ಅವಳು ಬಿಟ್ಟಿದ್ದಳು.

ಆದರೂ ಇವತ್ತು ಬಂದಿದ್ದಳು. ನಿನ್ನೆ ಸಾತಪ್ಪನ ಒಂದೂವರೆ ತಿಂಗಳ ಮಗಳಿಗೆ ಲಸಿಕೆ ಹಾಕಿದ್ದಳು. ಜ್ವರ ಬರುತ್ತದೆ, ಹೆದರಬೇಡಿ ಎಂದು ತಾನೇ ಹೇಳಿದ್ದಳು. ಹೇಳಿದವಳಿಗೇ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ.

ತೋಟದ ಮನೆಯ ಬಾಗಿಲಲ್ಲಿ ಸಾತಪ್ಪ ಫೋನ್ ನೋಡುತ್ತ ನಿಂತಿದ್ದ. ಅವಳನ್ನು ಕಂಡದ್ದೇ ಬೆಚ್ಚಿದ.

“ಯವ್ವಾ, ನರ್ಸಬಾಯಾರು ತಾವಾಗೇ ಬಂದಾರ!” ಎಂದು ಒಳಗೆ ಕೂಗಿದ.

ಅವನ ತಾಯಿ ಸಾವಿತ್ರೆವ್ವ ಓಡಿಬಂದು ನೇಹಾಳ ಮುಂಗೈ ಹಿಡಿದಳು. ಬಿಡಿಸಿಕೊಳ್ಳಲು ಬಾರದಷ್ಟು ಬಿಗಿಯಾಗಿ ಹಿಡಿದಳು.

“ಒಳಗ ಬರ್ರಿ ಬಾಯಾರ. ಕುಂದರ್ರಿ.”

“ಕೂಸು ಹೆಂಗೈತ್ರಿ ಆಯಿ?”

“ಮಲಗೇತಿ. ಅದರ ಮಾತ ಈಗ ಬ್ಯಾಡ. ಮುಂಜಾನಿಂದ ಏನರ ತಿಂದೀರೇನ್ರಿ?”

ಉತ್ತರಕ್ಕೂ ಕಾಯದೆ ರೊಟ್ಟಿ, ಬೇಳೆ, ಬೆಲ್ಲ ತಂದಿಟ್ಟಳು. ಮೂಲೆಯ ತೊಟ್ಟಿಲ ಮೇಲೆ ಸೀರೆ ಹೊದಿಸಿತ್ತು. ಒಳಗಿಂದ ಸದ್ದಿಲ್ಲ.

“ಏನಾಗೇತಿ ಹೇಳ್ರಿ ಆಯಿ.”

“ಹಸಿದ ಹೊಟ್ಟಿಗಿ ಇಂಥಾ ಮಾತ ಹೇಳಬಾರದ್ರಿ. ಮೊದಲ ಎರಡ ತುತ್ತ ತಿನ್ರಿ. ಆಮ್ಯಾಲ ಎಲ್ಲಾ ಹೇಳ್ತೇನಿ.”

ಆ ಕಡೆಯ ಮನೆಗಳಲ್ಲಿ ಸಾವಿನ ಸುದ್ದಿಯನ್ನು ಉಣಿಸಿಯೇ ಹೇಳುತ್ತಾರೆ. ನೇಹಾ ಅಲ್ಲೇ ಬೆಳೆದವಳು, ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಮುರಿದ ರೊಟ್ಟಿಯನ್ನು ತಾಟಿಗೇ ಹಾಕಿದಳು. ಅಷ್ಟರಲ್ಲಿ ಹೊರಗಿನಿಂದ ಸಾತಪ್ಪನ ದನಿ ಕೇಳಿಸಿತು.

“ಹೂಂನ್ರಿ, ನಮ್ಮ ಮನ್ಯಾಗ ಸಿಕ್ಕಾರ. ಬಿಡೂದಿಲ್ಲ. ಲಗೂನ ಗಾಡಿ ತಗೊಂಡ ಬರ್ರಿ.”

ಬಾಗಿಲಲ್ಲಿ ಆಗಲೇ ನಾಲ್ಕೈದು ಮಂದಿ ಸೇರಿದ್ದರು. ಒಬ್ಬ ತನ್ನ ಫೋನನ್ನು ಇನ್ನೊಬ್ಬನಿಗೆ ತೋರಿಸಿದ. ಪರದೆಯ ಮೇಲೆ ನೇಹಾಳದೇ ಫೋಟೋ. ನಿನ್ನೆ ಅಂಗನವಾಡಿಯಲ್ಲಿ ತೆಗೆದದ್ದು, ಕೈಯಲ್ಲಿ ಲಸಿಕೆಯ ಡಬ್ಬಿ.

ಕೈ ತೊಳೆಯುವ ನೆಪ ಹೇಳಿ ಹಿತ್ತಲಿಗೆ ಹೋದಳು. ಹಿತ್ತಲಿನಾಚೆ ಆಳೆತ್ತರದ ಕಬ್ಬು. ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

“ಬಾಯಾರ, ಓಡಬ್ಯಾಡ್ರಿ!” ಸಾತಪ್ಪ ಹಿಂದೆಯೇ ಕೂಗಿದ. “ಆ ಕಡಿಯಿಂದ ಅಡ್ಡ ಹಾಕ್ರಲೇ! ಜೀವದ ಮಾತೈತಿ!”

ಕಬ್ಬಿನ ರವದಿಯ ಒಣಗರಿ ತೋಳನ್ನು ಗೀರಿತು, ಮುಖವನ್ನು ಗೀರಿತು. ಹೊಲದ ನಡುವೆ ಕುಕ್ಕರಗಾಲಲ್ಲಿ ಕೂತು, ಉಸಿರಿನ ಸದ್ದಿಗೂ ಹೆದರಿ ಬಾಯಿಗೆ ಸೆರಗು ತುರುಕಿಕೊಂಡಳು. ಬದುವಿನ ಮೇಲೆ ಬೈಕುಗಳು ಸುತ್ತಿದವು. ಒಂದು ತಾಸಾಯಿತು, ಎರಡು ತಾಸಾಯಿತು. ಸಾಯುವುದಕ್ಕಿಂತ ಹೊಡೆಸಿಕೊಂಡು ಸಾಯುವುದಕ್ಕೆ ಅವಳು ಹೆದರಿದಳು. ಅದನ್ನೂ ಯಾರೋ ವಿಡಿಯೋ ಮಾಡುತ್ತಾರೆ, ಅದೂ ಮನೆಮನೆ ತಿರುಗುತ್ತದೆ.

ಗುಡಿಯ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಅದೇ ಗಳಿಗೆಗೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಗಾಡಿದಾರಿಗೆ ಬಂತು. ಆ ಅಬ್ಬರದಲ್ಲಿ ಮೈಕಿನ ಉಳಿದ ಮಾತು ಮುಳುಗಿಹೋಯಿತು. ನೇಹಾ ಮುಖಕ್ಕೆ ಸೆರಗು ಎಳೆದುಕೊಂಡು ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದಳು. ಮುದುಕ ಚಾಲಕ ಏನೂ ಕೇಳದೆ ಹತ್ತಿಸಿಕೊಂಡ.

ಬನಹಟ್ಟಿಯ ಮನೆ ಮುಟ್ಟಿದಾಗ ಮೂರು ದಾಟಿತ್ತು. ಓಣಿಯ ತುಂಬ ಎಂದಿನಂತೆ ಮಗ್ಗಗಳ ಸದ್ದು. ಗಂಡ ಜಿನೇಶ ಅವಳ ಬರಿಗಾಲು, ರಕ್ತ ಒಸರುವ ತೋಳು ನೋಡಿ ಮೊದಲು ಅಗಳಿ ಹಾಕಿದ. ಅವಳು ಬಿಕ್ಕುತ್ತ ಎಲ್ಲವನ್ನೂ ಹೇಳಿದಳು.

“ಅಳಬ್ಯಾಡ. ಜೀವಾ ಉಳೀತಲ್ಲ, ಅಷ್ಟ ಸಾಕು,” ಎಂದ. “ಫೋನ್ ಚಾಲೂ ಮಾಡು. ನಿನ್ನ ಫೋಟೋ ಹಾಕಿ ಏನ ಬರದಾರ ನೋಡಿ ಪೊಲೀಸರಿಗಿ ತೋರಸೂಣು.”

ಚೀಲದ ತಳದಿಂದ ಫೋನ್ ತೆಗೆದು ನೇಹಾ ತಾಯಂದಿರ ಬಳಗವನ್ನು ತೆರೆದಳು. ಫೋಟೋ ಬಂದದ್ದು ಬೆಳಿಗ್ಗೆ ಹತ್ತೂ ನಲವತ್ತಕ್ಕೆ. ಕೆಳಗೆ ಬರೆದಿತ್ತು: “ಈ ನರ್ಸಬಾಯಿಯವರು ಎಲ್ಲಿ ಕಂಡರೂ ಕೂಡಲೇ ಮುಧೋಳದ ಆಸ್ಪತ್ರೆಗೆ ಕರೆತನ್ನಿ. ಹೆರಿಗೆಯಾದ ಹೆಣ್ಣುಮಗಳಿಗೆ ರಕ್ತ ನಿಲ್ಲುತ್ತಿಲ್ಲ. ಬಾಂಬೆ ಗುಂಪಿನ ರಕ್ತ ಬೇಕು, ಬಹಳ ಅಪರೂಪದ್ದು. ರಕ್ತದಾನಿಗಳ ಪಟ್ಟಿಯಲ್ಲಿ ನಮ್ಮ ಸುತ್ತಮುತ್ತ ಇರುವವರು ಇವರೊಬ್ಬರೇ. ಫೋನ್ ಎತ್ತುತ್ತಿಲ್ಲ. ಹಸಿದಿದ್ದರೆ ಏನಾದರೂ ತಿನ್ನಿಸಿ ಕರೆತನ್ನಿ.”

ಅದರ ಕೆಳಗೆ ಸಾತಪ್ಪ ಬರೆದಿದ್ದ: “ಬಾಯಾರು ಯಾಕೋ ಹೆದರಿ ಓಡಿ ಹೋಗ್ಯಾರ. ನಮ್ಮ ಕೂಸಿನ ಜ್ವರ ಇಳದೈತಿ ಅಂತ ಯಾರರ ಅವರಿಗಿ ಹೇಳ್ರಿ.”

ಕೊನೆಯ ಸಂದೇಶ ಎರಡೂ ಐವತ್ತರದ್ದು: “ತಡವಾಗಿಹೋಯಿತು. ಇನ್ನು ಅವರನ್ನು ಹುಡುಕುವುದು ಬೇಡ. ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು.”