ಮೇಷ್ಟ್ರ ವೀಣೆಗೊಂದು ಜಾಗ

ಆಕಾಶನೌಕೆಗಳ ಯುದ್ಧದ ವಿಡಿಯೋ ಗೇಮಿಗೆ ಸಂಗೀತ ಆರಿಸುವ ಕೆಲಸ ನನ್ನದು. ಅವತ್ತು ವೀಣೆಯ ರೆಕಾರ್ಡಿಂಗ್ ಹಿಡಿದುಕೊಂಡು ಬಂದವರು ನನ್ನ ಹಳೆಯ ಮೇಷ್ಟ್ರು. "ನೀನು ನುಡಿಸಿದ್ರೆ ಕೇಳೋರು ಎದ್ದು ಹೋಗ್ತಾರೆ" ಎಂದು ಇಡೀ ಕ್ಲಾಸಿನ ಎದುರು ನನ್ನ ಕೈಯಿಂದ ವೀಣೆ ಕಿತ್ತುಕೊಂಡಿದ್ದವರು. ಅವರಿಗೆ ನನ್ನ ಗುರುತೇ ಸಿಗಲಿಲ್ಲ.

"ಇಂಥ ಆಟಕ್ಕೆ ಸಿಂಥಸೈಸರ್ ಅಲ್ವೇನಮ್ಮ ಬೇಕಾಗೋದು?" ಎಂದರು.

"ಯುದ್ಧಕ್ಕೆಲ್ಲ ಅದೇ ಸರ್. ನಿಮ್ಮ ವೀಣೆಗೆ ಬೇರೆ ಜಾಗ ಇಟ್ಟಿದ್ದೀನಿ."

ನೌಕೆ ಸಿಡಿದು ಆಟಗಾರ ಸೋತಾಗ ಮಾತ್ರ ಅದು ಕೇಳಿಸುವಂತೆ ಮಾಡಿಸಿದೆ. ಮೇಷ್ಟ್ರ ವೀಣೆ ಶುರುವಾದ ಕೂಡಲೇ ಊರೂರಿನ ಜನ ಹಲ್ಲು ಕಡಿದು ಶಾಪ ಹಾಕಬೇಕು. ಅಷ್ಟೇ ನನಗೆ ಬೇಕಾಗಿದ್ದು.

ತಿಂಗಳಾದ ಮೇಲೆ, ಆಟವನ್ನು ಪರೀಕ್ಷಿಸುವ ತಂಡದ ಸಫಿಯಾ ತಲೆ ಕೆರೆದುಕೊಳ್ಳುತ್ತ ಬಂದಳು.

"ಮೇಡಂ, ಆಡಿ ನೋಡೋಕೆ ಕರೆಸಿದವರಲ್ಲಿ ಒಬ್ಬರೂ ಮೊದಲ ಹಂತ ದಾಟ್ತಿಲ್ಲ."

"ಅಷ್ಟು ಕಷ್ಟವಾಗಿದೆಯಾ?"

"ಕಷ್ಟ ಏನಿಲ್ಲ. ಬೇಕಂತಲೇ ನೌಕೆ ಗುದ್ದಿಸಿ, ವೀಣೆ ಮುಗಿಯೋವರೆಗೂ ಕಣ್ಣು ಮುಚ್ಕೊಂಡು ಕೂತಿರ್ತಾರೆ."