ಕಬ್ಬಿನ ಸಾಲಿನಲ್ಲಿ ಗೊತ್ತಾದ ಗುರಿ

ಕುಂತೂರಿನ ಸಕ್ಕರೆ ಫ್ಯಾಕ್ಟರಿ ಮುಂದೆ ಅವತ್ತು ನಿಂತಿದ್ದ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಎಷ್ಟು ಉದ್ದವಿತ್ತೆಂದರೆ, ಮುಂದಿನದು ತೂಕದ ವೇಬ್ರಿಡ್ಜ್ ಹತ್ತುವಾಗ ಹಿಂದಿನದು ಗಡಿಯ ಪಾಲಾರ್ ದಾಟಿ ತಮಿಳು ಮಾತಾಡುತ್ತಿತ್ತು. ಆ ಸಾಲಿನ ನಟ್ಟನಡುವೆ, ಸ್ಟೇರಿಂಗಿಗೆ ಫೋನು ಒರಗಿಸಿಕೊಂಡು, ಅಗರದ ಪರಮೇಶ ಇಡೀ ಭೂಮಂಡಲವನ್ನು ಎದುರಿಗೆ ಕೂರಿಸಿಕೊಂಡಿದ್ದ.

ಇದು ಮಾತ್ರ ಸುಳ್ಳಲ್ಲ. ಗೇಣುದ್ದವೂ ಇಲ್ಲದ ಪರದೆಯಲ್ಲಿ ಒಬ್ಬನ ಕಿಟಕಿಯಾಚೆ ಹಿಮ, ಇನ್ನೊಬ್ಬಳ ಹಿಂದೆ ಆಗ ತಾನೇ ಹುಟ್ಟುತ್ತಿದ್ದ ಸೂರ್ಯ. ಇಲ್ಲಿ ಹೊತ್ತು ಮುಳುಗುತ್ತಿತ್ತು. ಬ್ರೌಸರಿನಲ್ಲೇ ಆಟ ಓಡಿಸುವ ಒಂದು ತಂತ್ರಾಂಶವನ್ನು ಇವರೆಲ್ಲ ಸೇರಿ ಕಟ್ಟುತ್ತಿದ್ದರು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಬಿಟ್ಟಿ ತಗೊಂಡು ಹೋಗಬಹುದು. ಪರಮೇಶನೂ ವರ್ಷವೆಲ್ಲ ಕೋಡ್ ಬರೆದು ಕಳಿಸಿದ್ದ. ಎಸಿ ರೂಮಿನಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಬರೆಯುತ್ತೇನೆ ಅಂತ ಅವರಿಗೆಲ್ಲ ಹೇಳಿಯೂ ಇದ್ದ. ಅವತ್ತು ಮುಂದಿನ ವರ್ಷದ ಗುರಿ ಗೊತ್ತುಮಾಡುವ ಸಭೆ. ನಡೆಸುತ್ತಿದ್ದವಳು ಹನೂರಿನ ನಾಗಶ್ರೀ.

ಪಕ್ಕದ ಟ್ರ್ಯಾಕ್ಟರಿನ ದೊಡ್ಡಮಾದಪ್ಪ ಇಳಿದು ಬಂದು ಇಣುಕಿದ. "ಇವ್ರೆಲ್ಲ ಯಾರ್ ತಾವ ಕೂಲಿಗವ್ರೆ ಕಣ್ಲಾ?"

"ಯಾರ್ ತಾವೂ ಇಲ್ಲ ಮಾವ. ಸುಮ್ನೆ ಮಾಡ್ತಾರೆ."

"ಸುಮ್ನೆ?" ದೊಡ್ಡಮಾದಪ್ಪ ಬೀಡಿ ಹಚ್ಚುವುದನ್ನೇ ಮರೆತ. "ಅಷ್ಟ್ ದೂರ್ದಲ್ ಕುಂತ್ಕಂಡಾ?"

ಅಷ್ಟರಲ್ಲಿ ನಾಗಶ್ರೀ ಹೇಳಿದ ಮಾತಿಗೆ ಪರಮೇಶ ಸ್ಟೇರಿಂಗಿನಿಂದ ಫೋನನ್ನು ಕಿತ್ತು ಕೈಗೆ ತಗೊಂಡ. ಮುಂದಿನ ವರ್ಷ ಹಳೇ ಫೋನುಗಳನ್ನು ಕೈಬಿಡುವುದೇ ಮೊದಲ ಗುರಿ ಅಂತ ಹೆಚ್ಚಿನವರ ಅಭಿಪ್ರಾಯವಂತೆ. ಹಾಗಾದರೆ ಮೂಲೆಯಿಂದ ಮೂಲೆಗೆ ಸೀಳಿದ ಅವನ ಈ ಹಳೇ ಫೋನಿನಲ್ಲಿ ಆ ತಂತ್ರಾಂಶ ತೆರೆಯುವುದೇ ಇಲ್ಲ. ಈ ಹಿಮ, ಈ ಸೂರ್ಯ, ಎಲ್ಲ ಇವತ್ತಿಗೆ ಮುಗಿಯಿತು.

"ಆಗಾಕಿಲ್ಲ ಕಣವ್ವ," ಅಂದ. "ಈ ಸಾಲಲ್ಲೇ ಐನೂರ್ ಜನ ಇಂಥಾ ಫೋನಲ್ಲಿ ನಮ್ಮಾಟ ಆಡ್ತಾವ್ರೆ."

ನಾಗಶ್ರೀ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಭೂಮಂಡಲ ಬಾಯಿ ಬಿಟ್ಟುಕೊಂಡು ಕೇಳಿತು. "ಎಲ್ರಿಗೂ ನೋಡ್ಬೇಕಂತೆ ಪರಮೇಶಣ್ಣ. ಸ್ವಲ್ಪ ಫೋನ್ ತಿರುಗ್ಸಿ."

ವಿಧಿಯಿಲ್ಲದೆ ತಿರುಗಿಸಿದ. ಸಾಲಿಗೆ ಸಾಲೇ ಟವಲು ಮುಸುಕು ಹಾಕಿಕೊಂಡು ತೂಕಡಿಸುತ್ತಿತ್ತು. ಎಚ್ಚರವಿದ್ದವನು ದೊಡ್ಡಮಾದಪ್ಪ ಒಬ್ಬನೇ.

"ಅಣ್ಣ, ನೀವೂ ಈ ಆಟ ಆಡ್ತೀರಾ?" ನಾಗಶ್ರೀ ಕೇಳಿದಳು.

ದೊಡ್ಡಮಾದಪ್ಪ ಜೇಬಿನಿಂದ ಬಟನ್ ಫೋನು ತೆಗೆದು ತೋರಿಸಿದ. "ಇದ್ರಲ್ ಏನ್ ಆಡಾನವ್ವ? ಇಲ್ ಒತ್ತುಟ್ಟಿದಾಗಿಂದ ಫೋನ್ ತಿಕ್ಕೋನು ಇವ್ನೊಬ್ನೇಯ."

ಪರಮೇಶ ಫೋನನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ. "ಸುಳ್ ಯೋಳ್ದೆ. ಐನೂರಲ್ಲ, ಒಂದೇ ಫೋನು. ಇದೇಯ."

"ಒಂದು ಫೋನಿಗೋಸ್ಕರ ಎಲ್ರೂ ದುಡೀಬೇಕಾ? ನಿಮ್ ಮೂರು ಕಂಪ್ಯೂಟರ್ ಇದಾವಲ್ಲ."

ನಾಲ್ಕನೇ ಕಂಪ್ಯೂಟರು ನಾಲಗೆಯ ತುದಿಗೆ ಬಂದಿತ್ತು. ಪರಮೇಶ ನುಂಗಿಕೊಂಡ. "ಅವೂ ಇಲ್ಲ ಕಣವ್ವ. ಒಂದೂ ಇಲ್ಲ."

"ಮತ್ತೆ ವರ್ಷವೆಲ್ಲ ಬರೆದು ಕಳ್ಸಿದ್ದು ಯಾತರಲ್ಲಿ?"

ಪರಮೇಶ ತನ್ನ ಬಲಗೈ ಹೆಬ್ಬೆರಳನ್ನು ಕ್ಯಾಮೆರಾದ ಮುಂದೆ ಹಿಡಿದ. ಕಬ್ಬಿನ ಗರಿ ಗೀರಿ ಗೀರಿ ಕಪ್ಪಾಗಿತ್ತು ಅದು. ತುದಿಯಲ್ಲಿ ಮಾತ್ರ ಫೋನಿನ ಗಾಜು ತಿಕ್ಕಿ ತಿಕ್ಕಿ ನುಣ್ಣಗಿತ್ತು. ಹಿಮದ ಕಿಟಕಿಯವನೂ ಸೂರ್ಯನ ಮುಂದಿನವಳೂ ಪರದೆಯ ಹತ್ತಿರಕ್ಕೆ ಬಾಗಿದರು.

ಇದನ್ನು ನಾಗಶ್ರೀ ಇಂಗ್ಲಿಷಿನಲ್ಲಿ ಹೇಳಬೇಕಾಗಲಿಲ್ಲ; ಹಳೇ ಫೋನು ಕೈಬಿಡುವ ಗುರಿಯನ್ನು ಪಟ್ಟಿಯಿಂದ ಅಳಿಸಿದಳು, ಅಷ್ಟೆ.