ಮದ್ದಿನ ಮೇಲೆ ರವೆ

ತೀರ್ಥಹಳ್ಳಿಯ ಗುರಿ ಸ್ಪರ್ಧೆಯಲ್ಲಿ ಅಪ್ಪ ಮಂಜುನಾಥಪ್ಪ ರಿವಾಲ್ವರ್ ಎತ್ತಿದಾಗ ಸುಮನಾಳಿಗೆ ಥಟ್ಟನೆ ನೆನಪಾಯಿತು. ಹಿಂದಿನ ರಾತ್ರಿ ಈ ತೋಟಾಗಳಿಗೆ ಕರಿಮದ್ದು ಹಾಕುವಾಗ ಅವಳು ಅಜ್ಜಿಯ ಕಥೆಗೆ ಹೂಂಗುಟ್ಟುತ್ತಿದ್ದಳು. ಆಮೇಲೆ ಉಳಿದ ಜಾಗಕ್ಕೆ ಉಪ್ಪಿಟ್ಟಿನ ರವೆ ತುಂಬಿ ಗುಂಡು ಕೂರಿಸಿದ್ದಳು. ಒಂದಕ್ಕೆ ಮದ್ದೇ ಬಿದ್ದಿಲ್ಲವೇನೋ! ಅದರ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡರೆ ಮುಂದಿನ ಹೊಡೆತಕ್ಕೆ ಅಪ್ಪನ ಕೈಯೇ ಹೋಗಬಹುದು. ಹೇಳಿಬಿಟ್ಟರೆ, ಬೇಡಿ ಬೇಡಿ ಪಡೆದ ಈ ಕೆಲಸ ಇನ್ನೆಂದೂ ಸಿಗುವುದಿಲ್ಲ.

“ಅಪ್ಪಯ್ಯಾ, ಹೊಡೀಬೇಡಿ! ಒಂದ್ರಲ್ಲಿ ಮದ್ದಿಲ್ವೇನೋ!”

ಪಕ್ಕದ ಸ್ಪರ್ಧಿ ರಾಜೇಂದ್ರ ನಕ್ಕ. “ಉಪ್ಪಿಟ್ಟು ಕೆದಕೋ ಕೈಗೆ ಮದ್ದು ಕೊಟ್ರೆ ಇಷ್ಟೇ, ಮಂಜಣ್ಣ.”

ಮಂಜುನಾಥಪ್ಪ ರಿವಾಲ್ವರ್ ಇಳಿಸಿದರು. ಅವರ ಸರದಿ ಹೋಯಿತು. ತೋಟಾಗಳನ್ನೆಲ್ಲ ತೆಗೆದು ಮಗಳ ಅಂಗೈಗೆ ಸುರಿದು ರಾಜೇಂದ್ರನ ಕಡೆ ತಿರುಗಿದರು.

“ತನ್ನ ತಪ್ಪನ್ನ ಇಷ್ಟು ಜನರೆದುರು ಕೂಗಿ ಹೇಳಿದ್ಲಲ್ಲ ಮಾರಾಯ. ಮುಂದಿನ ಸಲಾನೂ ಇವಳೇ ತುಂಬೋದು.”